ರಾಷ್ಟ್ರನಿರ್ಮಾಪಕ ಮಸಾರಿಕ್

ಪರಸ್ಥಳದಲ್ಲಿ ನೆಲೆಸಿರುವ ನಾವು ನವೆಂಬರ್ 1ರಂದು ಸಂಘದ ಸಭಾಂಗಣದಲ್ಲಿ ಕೂಡಿ, ತಾಯಿ ಭುವನೇಶ್ವರಿಯ ಪಟಕ್ಕೆ ಹಾರ ಹಾಕಿ, ಮಕ್ಕಳ ಕೈಯಲ್ಲಿ ನಾಡಗೀತೆ ಹಾಡಿಸಿ ರಾಜ್ಯೋತ್ಸವವನ್ನು ಆಚರಿಸುತ್ತೇವೆ. ಅದಕ್ಕೆ ಸರಿಯಾಗಿ ನಾಲ್ಕು ದಿನ ಮುಂಚೆ, ಅಕ್ಟೋಬರ್ 28ರಂದು, ಯೂರೋಪು ಖಂಡದ ನಟ್ಟನಡುವೆ ಇರುವ, ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಕ್ಕದ ಒಂದು ಸಣ್ಣ ನಾಡಿನ ಜನ ತಮ್ಮ ನಾಡಹಬ್ಬವನ್ನು ಆಚರಿಸುತ್ತಾರೆ. 1918ರಲ್ಲಿ ಆ ದಿನ ಜೆಕೊಸ್ಲೊವಾಕಿಯಾ ಎಂಬ ಗಣರಾಜ್ಯವು ಹುಟ್ಟಿತು. ಅದನ್ನು ಹುಟ್ಟಿಸಿದವರಲ್ಲಿ ಮೊದಲಿಗರಾದ ತೋಮಾಸ್ ಗ್ಯಾರಿಗ್ ಮಸಾರಿಕರ ಜೀವನವೃತ್ತಾಂತವನ್ನು ಈ ಸಂಚಿಕೆಯ ಓದುಗರ ಮುಂದಿಡಬೇಕೆಂದು ನಮಗೆ ಬಹಳ ದಿನಗಳಿಂದ ಇತ್ತು. ನುಡಿಗಾಗಿ ಹೋರಾಡಿದವರ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ಆದರೆ ತನ್ನ ನುಡಿಯ ಕೀರ್ತಿಗೆ ಕಳಶಪ್ರಾಯವೆಂದು ಜನ ನಂಬಿದ್ದ ಗ್ರಂಥವನ್ನೇ ಖೋಟಾ ಎಂದು ಹೇಳಿ, ಸ್ವಜನರ ಬೈಗುಳವನ್ನು ಹೊತ್ತು, ಕೊನೆಗೆ ಅದೇ ಜನರಿಂದ ರಾಷ್ಟ್ರಪಿತನೆಂದು ಕರೆಸಿಕೊಂಡವರು ನಮಗೆ ತಿಳಿದಮಟ್ಟಿಗೆ ಇವರೊಬ್ಬರೇ.

ಮೊದಲು ನಾಡಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬೇಕು. ಪ್ರಾಗ್ ನಗರವನ್ನು ರಾಜಧಾನಿಯಾಗಿ ಉಳ್ಳ ಬೊಹೀಮಿಯವು ಹಿಂದೆ ಸ್ವತಂತ್ರ ರಾಜ್ಯವಾಗಿತ್ತು. 1526ರಲ್ಲಿ ಅದು ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ಅರಸರ ಕೈಗೆ ಹೋಯಿತು. ದಂಗೆಯೆದ್ದ ಜೆಕ್ ಸರದಾರರು 1620ರಲ್ಲಿ ಪ್ರಾಗ್ ಪಕ್ಕದ ಬಿಳಿಗುಡ್ಡದ ಕಾಳಗದಲ್ಲಿ ಸೋತರು. ಮರುವರ್ಷ ಅವರ ಪೈಕಿ 27 ಜನ ಮುಖಂಡರನ್ನು ಊರ ಚೌಕದಲ್ಲೇ ಮರಣದಂಡನೆಗೆ ಗುರಿಮಾಡಲಾಯಿತು. ಅಲ್ಲಿಂದ ಮುಂದೆ ಕಚೇರಿಗೆ, ಪಾಠಶಾಲೆಗೆ, ದೊಡ್ಡವರ ಮನೆಯ ಮಾತಿಗೆ ಜರ್ಮನ್ ಭಾಷೆಯೇ ಗತಿಯಾಯಿತು. ಜೆಕ್ ನುಡಿಯು ಹೊಲದಲ್ಲಿ, ಅಡುಗೆಮನೆಯಲ್ಲಿ, ಕುದುರೆಲಾಯದಲ್ಲಿ ಉಳಿಯಿತು. ಹದಿನೆಂಟನೆಯ ಶತಮಾನದ ಕೊನೆಗೆ ಕೆಲವು ಪಂಡಿತರು ಅದನ್ನು ಮೇಲೆತ್ತಲು ತೊಡಗಿದರು. ಅವರ ಹಿರಿಯರಾದ ದೊಬ್ರೋವ್‌ಸ್ಕಿ ಎಂಬವರು ಜೆಕ್ ವ್ಯಾಕರಣವನ್ನು ಬರೆದದ್ದು ಜರ್ಮನ್ ಭಾಷೆಯಲ್ಲಿ ಎಂದರೆ ಅಂದಿನ ಅವಸ್ಥೆ ತಿಳಿಯುತ್ತದೆ. ಆಮೇಲೆ ಯುಂಗ್‌ಮಾನ್ ಎಂಬವರು ಐದು ಸಂಪುಟಗಳ ನಿಘಂಟನ್ನು ಕಟ್ಟಿದರು. ಪ್ರಾಗಿನಲ್ಲಿ ಜನರ ಚಂದಾ ಹಣದಿಂದ ರಾಷ್ಟ್ರೀಯ ನಾಟಕಶಾಲೆ ಎದ್ದಿತು; 1881ರಲ್ಲಿ ಅದಕ್ಕೆ ಬೆಂಕಿ ಬಿದ್ದಾಗ ಜನ ಮತ್ತೆ ಹಣ ಕೂಡಿಸಿ ಎರಡೇ ವರ್ಷದಲ್ಲಿ ಪುನಃ ಬಾಗಿಲು ತೆರೆಸಿದರು.

ಇಂಥ ಕಾಲದಲ್ಲಿ, 1850ನೆಯ ಇಸವಿ ಮಾರ್ಚ್ 7ರಂದು, ಮೊರಾವಿಯ ಪ್ರಾಂತದ ಹೊದೊನೀನ್ ಎಂಬ ಊರಿನಲ್ಲಿ ಮಸಾರಿಕರು ಹುಟ್ಟಿದರು. ತಂದೆ ಸ್ಲೋವಾಕ್ ಜನಾಂಗದವನು. ಚಕ್ರವರ್ತಿಯ ಜಹಗೀರುಗಳಲ್ಲಿ ಗಾಡಿ ಹೊಡೆಯುವ ಚಾಕರಿ. 1848ರವರೆಗೆ ಆತ ಜೀತದಾಳಿನ ವರ್ಗಕ್ಕೆ ಸೇರಿದ್ದವನೆಂಬುದನ್ನು ಮರೆಯಬಾರದು. ತಾಯಿ ಮೊರಾವಿಯದವಳು, ಅಡುಗೆ ಕೆಲಸ ಮಾಡಿದವಳು, ಜರ್ಮನ್ ವಾತಾವರಣದಲ್ಲಿ ಬೆಳೆದವಳು. ಹೀಗೆ ತಂದೆಯದು ಒಂದು ನುಡಿ, ತಾಯಿಯದು ಇನ್ನೊಂದು, ಬೀದಿಯದು ಮತ್ತೊಂದು. ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಈ ಬಗೆಯ ಮಕ್ಕಳು ಬೆಳೆಯುತ್ತಿಲ್ಲ!

ಓದಿನಲ್ಲಿ ಹುಡುಗ ಚುರುಕು. ಆದರೂ ಬಡವರ ಮಕ್ಕಳಿಗೆ ಕಸುಬೇ ಸರಿ ಎಂದು ಅವನನ್ನು ವಿಯೆನ್ನಾ ನಗರಕ್ಕೆ ಬೀಗ ಮಾಡುವವನ ಹತ್ತಿರ ಕಳುಹಿಸಿದರು. ದಿನವಿಡೀ ಒಂದೇ ಯಂತ್ರದ ಮುಂದೆ ನಿಲ್ಲುವ ಕೆಲಸ. ಜತೆಯ ಹುಡುಗನೊಬ್ಬ ಇವನ ಪುಸ್ತಕಗಳನ್ನು ಕದ್ದ. ಅದನ್ನು ತಾಳಲಾರದೆ ಇವನು ಊರಿಗೆ ಓಡಿಬಂದ. ಬಳಿಕ ಕಮ್ಮಾರನ ಕುಲುಮೆಯಲ್ಲಿ ಕೆಲಕಾಲ ಸುತ್ತಿಗೆ ಹಿಡಿದದ್ದುಂಟು. ಅನಂತರ ಶಾಲೆಯಲ್ಲಿ ಸಹಾಯಕ ಉಪಾಧ್ಯಾಯನಾಗಿ, ಬ್ರನೋ ಪಟ್ಟಣದಲ್ಲಿ ಪಾಠ ಹೇಳಿಕೊಟ್ಟು ಹೊಟ್ಟೆ ಹೊರೆಯುತ್ತ ಪ್ರೌಢವ್ಯಾಸಂಗಕ್ಕೆ ಸೇರಿದನು. ಆ ಪಟ್ಟಣದ ಪೊಲೀಸ್ ಅಧಿಕಾರಿಯ ಮಗನಿಗೆ ಮನೆಪಾಠ ಹೇಳುತ್ತಿದ್ದುದರಿಂದ, ಆ ಅಧಿಕಾರಿಗೆ ವಿಯೆನ್ನಾಕ್ಕೆ ವರ್ಗವಾದಾಗ ಈತನೂ ಜತೆಯಲ್ಲಿ ಹೋಗಿ, ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ಓದಿ, 1876ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. ಮುಂದೊಂದು ದಿನ ಆ ಸಾಮ್ರಾಜ್ಯವನ್ನೇ ಒಡೆದವರ ವಿದ್ಯಾಭ್ಯಾಸವು ಸಾಮ್ರಾಜ್ಯದ ಪೊಲೀಸಿನ ಮನೆಯ ಅನ್ನದಿಂದ ಸಾಗಿತೆಂಬುದು ವಿನೋದವಾಗಿದೆ.

ಮುಂದಿನ ವ್ಯಾಸಂಗಕ್ಕೆ ಜರ್ಮನಿಯ ಲೈಪ್ಜಿಗ್ ನಗರಕ್ಕೆ ಹೋದಾಗ, ಸಂಗೀತ ಕಲಿಯಲು ಅಮೆರಿಕದ ಬ್ರೂಕ್ಲಿನ್‌ನಿಂದ ಬಂದಿದ್ದ ಶಾರ್ಲಟ್ ಗ್ಯಾರಿಗ್ ಎಂಬ ಕನ್ಯೆಯ ಪರಿಚಯವಾಯಿತು. 1878ರಲ್ಲಿ ಅಮೆರಿಕದಲ್ಲೇ ಮದುವೆಯಾಯಿತು. ಹೆಂಡತಿ ಗಂಡನ ಹೆಸರನ್ನು ಇಟ್ಟುಕೊಳ್ಳುವುದು ಎಲ್ಲ ಕಡೆಯ ರೂಢಿ. ಮಸಾರಿಕರು ಹೆಂಡತಿಯ ಮನೆತನದ ಹೆಸರನ್ನು ತಮ್ಮ ಹೆಸರಿನ ನಡುವೆ ಸೇರಿಸಿಕೊಂಡು ಸಾಯುವವರೆಗೂ ಹಾಗೆಯೇ ಸಹಿ ಮಾಡಿದರು. ಸ್ತ್ರೀಪುರುಷ ಸಮಾನತೆಯ ವಿಷಯದಲ್ಲಿ ಆಕೆಯೇ ಅವರ ಗುರು. ಪರದೇಶದಿಂದ ಬಂದ ಆ ಹೆಣ್ಣುಮಗಳು ಜೆಕ್ ಭಾಷೆಯನ್ನು ಕಲಿತು, ಮಕ್ಕಳನ್ನು ಜೆಕ್ ಮಕ್ಕಳಾಗಿಯೇ ಬೆಳೆಸಿದಳು.

1882ರಲ್ಲಿ ಪ್ರಾಗಿನ ಪ್ರಾಚೀನ ವಿಶ್ವವಿದ್ಯಾನಿಲಯವು ಜರ್ಮನ್ ಭಾಗ, ಜೆಕ್ ಭಾಗ ಎಂದು ಎರಡಾಯಿತು. ಜೆಕ್ ಭಾಗಕ್ಕೆ ಅಧ್ಯಾಪಕರು ಬೇಕಾಗಿದ್ದರು, ಮಸಾರಿಕರು ಬಂದರು. ಆಗ ಅವರಿಗೆ 32 ವರ್ಷ. ಕಲಿತದ್ದೆಲ್ಲ ಜರ್ಮನ್‌ನಲ್ಲಿ, ಆತ್ಮಹತ್ಯೆಯ ಸಾಮಾಜಿಕ ಕಾರಣಗಳನ್ನು ಕುರಿತ ಮೊದಲ ದೊಡ್ಡ ಗ್ರಂಥವನ್ನು ಬರೆದದ್ದೂ ಜರ್ಮನ್‌ನಲ್ಲಿ. ಈಗ ತಾಯ್ನಾಡಿನ ನುಡಿಯಲ್ಲಿ ಶಾಸ್ತ್ರವಿಷಯ ಹೇಳಬೇಕೆಂದರೆ ಆ ನುಡಿಯನ್ನೇ ಹೊಸದಾಗಿ ಪಳಗಿಸಿಕೊಳ್ಳಬೇಕಾಯಿತು. ಮರುವರ್ಷವೇ ಅವರು ‘ಅಥೆನೇಯಂ’ ಎಂಬ ವಿಮರ್ಶಾಪತ್ರಿಕೆಯನ್ನು ಹೊರಡಿಸಿದರು. ಅದರ ಪುಟಗಳಲ್ಲಿಯೇ ಬಿರುಗಾಳಿ ಎದ್ದಿತು.

ಈ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. 1817ರಲ್ಲಿ ಹಾಂಕಾ ಎಂಬ ತರುಣ ಪಂಡಿತನು ದ್ವೂರ್ ಕ್ರಾಲೋವೇ ಎಂಬ ಊರಿನ ಇಗರ್ಜಿಯ ಗೋಪುರದಲ್ಲಿ ಹಳೆಯ ಚರ್ಮಪತ್ರಗಳನ್ನು ಕಂಡುಹಿಡಿದೆನೆಂದು ಸಾರಿದನು. ಅವುಗಳಲ್ಲಿ ಪ್ರಾಚೀನ ಜೆಕ್ ವೀರಗಾಥೆಗಳಿದ್ದವು. ಮರುವರ್ಷ ಇನ್ನೊಂದು ಹಸ್ತಪ್ರತಿಯು ಹೆಸರಿಲ್ಲದೆ ಅಂಚೆಯಲ್ಲಿ ಬಂದಿತು. ಅದು ಇನ್ನೂ ಹಳೆಯದು, ಸಾವಿರ ವರ್ಷದ ಹಿಂದಿನದೆಂದು ಹೇಳಲಾಯಿತು. ಜರ್ಮನರಿಗೆ ಅಂಥ ಪ್ರಾಚೀನ ಕಾವ್ಯವಿದೆ, ರಷ್ಯನರಿಗಿದೆ, ನಮಗಿಲ್ಲವಲ್ಲ ಎಂದು ಕೊರಗುತ್ತಿದ್ದ ಜನಕ್ಕೆ ನಿಧಿ ಸಿಕ್ಕಿದಂತಾಯಿತು. ಚಿತ್ರಕಾರರು ಅದರ ಪ್ರಸಂಗಗಳನ್ನು ಬರೆದರು, ಸಂಗೀತಗಾರರು ರಾಗಕ್ಕೆ ಇಳಿಸಿದರು, ಶಾಲೆಯ ಮಕ್ಕಳು ಬಾಯಿಪಾಠ ಮಾಡಿದರು. ಹಲವು ಭಾಷೆಗಳಿಗೆ ಅನುವಾದಗಳಾದವು. ಮೊದಲೇ ಹೇಳಿದ ವೃದ್ಧ ದೊಬ್ರೋವ್‌ಸ್ಕಿಯವರು ಎರಡನೆಯ ಪ್ರತಿಯನ್ನು ನೋಡಿದೊಡನೆಯೇ ಇದು ಕೃತಕವೆಂದಿದ್ದರು. ಹಾಂಕಾ ಅವರ ಶಿಷ್ಯನೇ ಆಗಿದ್ದುದರಿಂದ ಅವರಿಗೆ ಸಂಶಯ ಬಂದದ್ದು ಸಹಜ. ಯಾರೂ ಕಿವಿಗೊಡಲಿಲ್ಲ. 1858ರಲ್ಲಿ ಪ್ರಾಗಿನ ಜರ್ಮನ್ ಪತ್ರಿಕೆಯೊಂದು ಇದೇ ಮಾತನ್ನು ಅಚ್ಚುಹಾಕಿದಾಗ ಹಾಂಕಾ ನ್ಯಾಯಾಲಯಕ್ಕೆ ಹೋಗಿ ಗೆದ್ದನು. ಹಸ್ತಪ್ರತಿಗಳನ್ನು ನಂಬದವನು ಜರ್ಮನರ ಪಕ್ಷದವನು ಎಂಬ ಭಾವನೆ ಅಂದಿನಿಂದ ಗಟ್ಟಿಯಾಯಿತು.

1886ರ ಫೆಬ್ರವರಿಯಲ್ಲಿ ಗೆಬೌವರ್ ಎಂಬ ಭಾಷಾಶಾಸ್ತ್ರಜ್ಞರು ಮಸಾರಿಕರ ಪತ್ರಿಕೆಯಲ್ಲಿ ಲೇಖನ ಬರೆದು, ಈ ಗ್ರಂಥಗಳಲ್ಲಿಯ ವ್ಯಾಕರಣವು ಆ ಕಾಲದ ಇತರ ನಿಜವಾದ ಗ್ರಂಥಗಳಿಗೆ ಹೊಂದುವುದಿಲ್ಲವಾದ್ದರಿಂದ ಪುನಃ ಪರೀಕ್ಷೆ ಮಾಡಿಸಬೇಕೆಂದು ಕೇಳಿದರು. ಗೆಬೌವರರು ಅಪ್ಪಟ ಜೆಕ್ ಪಂಡಿತರು, ಜರ್ಮನರ ಕಡೆಯವರೆಂದು ತಳ್ಳಿಹಾಕುವಂತಿರಲಿಲ್ಲ. ಮಸಾರಿಕರು ತಾವೂ ಕೂಡಿ, ಹಾಡುಗಳಲ್ಲಿ ವರ್ಣಿತವಾದ ಸಮಾಜವು ಅಂದಿನದಾಗಿರಲು ಸಾಧ್ಯವಿಲ್ಲವೆಂದು ವಾದಿಸಿದರು. ಊರೇ ಹೊತ್ತಿ ಉರಿಯಿತು. ದೊಡ್ಡ ದಿನಪತ್ರಿಕೆಯು ಇವರನ್ನು ಕುಲದ್ರೋಹಿಯೆಂದು ಕರೆದು, ನಾಡು ಬಿಟ್ಟು ತೊಲಗಬೇಕೆಂದು ಬರೆಯಿತು. ಸ್ನೇಹಿತರು ದೂರವಾದರು. ಪೂರ್ಣ ಪ್ರಾಧ್ಯಾಪಕ ಪದವಿಯು ಮುಂದಿನ ಹಲವು ವರ್ಷ ಅವರ ಕೈಗೆ ಬರಲಿಲ್ಲ. ಮನೆಯಲ್ಲಿ ಬೆಳೆಯುವ ಮಕ್ಕಳು, ಸಾಲದ ಸಂಸಾರ.

ಮಸಾರಿಕರ ನಿಲುವು ಸರಳವಾಗಿತ್ತು. ಸುಳ್ಳಿನ ಅಡಿಪಾಯದ ಮೇಲೆ ಕಟ್ಟಿದ ಅಭಿಮಾನವು ಶತ್ರುವಿನ ಒಂದು ಬೆರಳಿಗೆ ಬಿದ್ದುಹೋಗುತ್ತದೆ. ಅದನ್ನು ನಾವೇ ಕೆಡವಿದರೆ ಮಾನ ಉಳಿಯುತ್ತದೆ ಎಂಬುದು ಅವರ ವಾದ. ಹಸ್ತಪ್ರತಿಗಳು ಹತ್ತೊಂಬತ್ತನೆಯ ಶತಮಾನದ ಸೃಷ್ಟಿಯೆಂಬುದನ್ನು ವಿದ್ವಾಂಸರು ಕ್ರಮೇಣ ಒಪ್ಪಿದರು. ಅವು ಪ್ರಾಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಂದೂ ಇವೆ. ನಮಗೆ ಈ ಕಥೆ ಓದಿದಾಗಲೆಲ್ಲ ಮನಸ್ಸಿಗೆ ತಟ್ಟುವುದೇನೆಂದರೆ, ಆ ಖೋಟಾ ಹಾಡುಗಳು ಕಳಪೆಯವಾಗಿರಲಿಲ್ಲ. ಜನ ಅವುಗಳಿಂದ ನಿಜವಾದ ಧೈರ್ಯವನ್ನು ಪಡೆದಿದ್ದರು. ಅಂಥದನ್ನು ಕಿತ್ತುಕೊಳ್ಳಲು ಎಂಥ ಗುಂಡಿಗೆ ಬೇಕು! ನಮ್ಮ ನುಡಿಯ ಪ್ರಾಚೀನತೆಯ ಬಗ್ಗೆ ರಾಜ್ಯೋತ್ಸವದ ವೇದಿಕೆಗಳಲ್ಲಿ ವರ್ಷವರ್ಷವೂ ಐದಾರು ಶತಮಾನ ಏರಿಸಿ ಮಾತನಾಡುವ ಭಾಷಣಕಾರರನ್ನು ಕೇಳುವಾಗ ಮಸಾರಿಕರ ನೆನಪು ಬರುತ್ತದೆ. ಹಲ್ಮಿಡಿಯ ಕಲ್ಲು, ಕವಿರಾಜಮಾರ್ಗ ಇವು ನಮಗೆ ನಿಜವಾಗಿಯೇ ಇರುವಾಗ ಬೇರೇನು ಬೇಕು?

ಹದಿಮೂರು ವರ್ಷದ ಮೇಲೆ ಇದಕ್ಕಿಂತಲೂ ಕಠಿಣವಾದ ಪರೀಕ್ಷೆ ಬಂದಿತು. 1899ರ ಈಸ್ಟರ್ ಹಬ್ಬದ ಸಮಯದಲ್ಲಿ ಪೊಲ್ನಾ ಎಂಬ ಊರ ಬಳಿಯ ಕಾಡಿನಲ್ಲಿ 19 ವರ್ಷದ ಬಡ ಹುಡುಗಿಯೊಬ್ಬಳ ಕೊಲೆಯಾಯಿತು. ಹಿಲ್ಸ್‌ನರ್ ಎಂಬ ಅಲೆಮಾರಿ ಯೆಹೂದ್ಯ ತರುಣನನ್ನು ಹಿಡಿದರು. ಯೆಹೂದ್ಯರು ಮತಾಚಾರಕ್ಕಾಗಿ ಕ್ರೈಸ್ತರ ರಕ್ತವನ್ನು ತೆಗೆಯುತ್ತಾರೆಂಬ ಹಳೆಯ ಕ್ರೂರ ಮೂಢನಂಬಿಕೆಯು ಊರೂರಿಗೆ ಹಬ್ಬಿತು. ಸರಿಯಾದ ಸಾಕ್ಷ್ಯವಿಲ್ಲದೆ ಮರಣದಂಡನೆಯ ತೀರ್ಪಾಯಿತು. ಮಸಾರಿಕರಿಗೆ ಆ ತರುಣನ ಪರಿಚಯವಿರಲಿಲ್ಲ. ಬಾಲ್ಯದಲ್ಲಿ ತಮಗೂ ಆ ಮೂಢನಂಬಿಕೆ ಇದ್ದುದನ್ನು ಅವರು ಮುಚ್ಚಿಡಲಿಲ್ಲ. ಆದರೆ ಮೊಕದ್ದಮೆಯ ಕಾಗದಗಳನ್ನು ತರಿಸಿ ಓದಿ, ಪುನರ್ವಿಚಾರಣೆ ಆಗಬೇಕೆಂದು ಪುಸ್ತಿಕೆಯನ್ನು ಬರೆದರು. ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಅವರ ತರಗತಿಯಲ್ಲಿ ವಿದ್ಯಾರ್ಥಿಗಳೇ ಗದ್ದಲ ಮಾಡಿ ಮಾತನಾಡಗೊಡಲಿಲ್ಲ. ವಿಶ್ವವಿದ್ಯಾನಿಲಯವು ಕೆಲಕಾಲ ಉಪನ್ಯಾಸಗಳನ್ನೇ ನಿಲ್ಲಿಸಿತು. ಸಂಸಾರಸಮೇತ ಅಮೆರಿಕಕ್ಕೆ ಹೋಗಿಬಿಡುವ ಯೋಚನೆಯೂ ಬಂದಿತ್ತು; ಬೇಡವೆಂದು ನಿಲ್ಲಿಸಿದವಳು ಶಾರ್ಲಟ್. ಎರಡನೆಯ ವಿಚಾರಣೆಯಲ್ಲಿಯೂ ಹಿಲ್ಸ್‌ನರನಿಗೆ ಮರಣದಂಡನೆಯೇ ಆಯಿತು. ಚಕ್ರವರ್ತಿ ಅದನ್ನು ಜೀವಾವಧಿಗೆ ಇಳಿಸಿದನು. 1918ರಲ್ಲಿ ಕ್ಷಮಾದಾನ ಸಿಗುವ ಹೊತ್ತಿಗೆ ಆತನ ಯೌವನ ಸೆರೆಮನೆಯಲ್ಲಿ ಕಳೆದುಹೋಗಿತ್ತು. ಕೊಲೆಯಾದ ಹುಡುಗಿಯ ತಾಯಿಯ ಪರವಾಗಿ ನಿಂತು ಯೆಹೂದ್ಯದ್ವೇಷವನ್ನು ಬೆಳೆಸಿದ ವಕೀಲರು ಮುಂದೆ ಮಸಾರಿಕರ ಗಣರಾಜ್ಯದಲ್ಲಿಯೇ ಪ್ರಾಗ್ ನಗರದ ಮೇಯರ್ ಆಗಿ ಬಹುಕಾಲ ಬಾಳಿದರು. ರಾಜಕೀಯದ ವಿಚಿತ್ರಗಳು ಎಲ್ಲ ದೇಶಗಳಲ್ಲಿಯೂ ಒಂದೇ.

1891ರಲ್ಲೊಮ್ಮೆ ವಿಯೆನ್ನಾದ ಪಾರ್ಲಿಮೆಂಟಿಗೆ ಆರಿಸಿಹೋಗಿ ಎರಡು ವರ್ಷದಲ್ಲೇ ರಾಜೀನಾಮೆಯಿತ್ತಿದ್ದ ಮಸಾರಿಕರು, 1907ರಲ್ಲಿ ಗಂಡಸರಿಗೆಲ್ಲ ಮತಾಧಿಕಾರ ಬಂದಮೇಲೆ ತಮ್ಮದೇ ಸಣ್ಣ ಪಕ್ಷದಿಂದ ಪುನಃ ಆರಿಸಿಬಂದರು. ಖೋಟಾ ಕಾಗದಗಳಿಗೂ ಅವರಿಗೂ ಏನೋ ಋಣಾನುಬಂಧ. 1909ರಲ್ಲಿ ಜಾಗ್ರೆಬ್ ನಗರದಲ್ಲಿ 53 ಮಂದಿ ಸೆರ್ಬಿಯನರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆಯಿತು. ಅದಕ್ಕೆ ಹೊಂದಿಕೊಂಡಂತೆ ವಿಯೆನ್ನಾದ ಇತಿಹಾಸಕಾರರೊಬ್ಬರು ಸರ್ಕಾರ ಕೊಟ್ಟ ದಾಖಲೆಗಳನ್ನು ನಂಬಿ ಲೇಖನ ಬರೆದು ಮಾನನಷ್ಟದ ದಾವೆಯಲ್ಲಿ ಸಿಕ್ಕಿಕೊಂಡರು. ಮಸಾರಿಕರು ತಾವೇ ಓಡಾಡಿ, ಆ ದಾಖಲೆಗಳು ತಯಾರಿಸಿದ ಸುಳ್ಳುಗಳೆಂದೂ ಅವುಗಳ ಎಳೆ ಬೆಲ್‌ಗ್ರೇಡಿನ ಆಸ್ಟ್ರಿಯನ್ ರಾಯಭಾರ ಕಚೇರಿಯವರೆಗೆ ಹೋಗುತ್ತದೆಂದೂ ಪಾರ್ಲಿಮೆಂಟಿನಲ್ಲಿ ತೋರಿಸಿಕೊಟ್ಟರು. ಸ್ವಂತ ಜನರ ಸುಳ್ಳನ್ನು ಬಿಡದವರು ಸರ್ಕಾರದ ಸುಳ್ಳನ್ನು ಬಿಡುವರೇ?

ಅಷ್ಟಾದರೂ ಮಸಾರಿಕರು 1914ರವರೆಗೆ ಸ್ವತಂತ್ರ ರಾಜ್ಯವನ್ನು ಕೇಳಿದವರಲ್ಲ. ಆಸ್ಟ್ರಿಯವನ್ನು ಹಲವು ಜನಾಂಗಗಳ ಸಮಾನ ಒಕ್ಕೂಟವಾಗಿ ತಿದ್ದಬಹುದೆಂದೇ ಅವರ ಆಸೆ. ಮಹಾಯುದ್ಧ ಆರಂಭವಾದಮೇಲೆ ಆ ಆಸೆ ಸತ್ತಿತು. ಆ ವರ್ಷ ಡಿಸೆಂಬರಿನಲ್ಲಿ ಮಗಳು ಓಲ್ಗಾಳನ್ನು ಕರೆದುಕೊಂಡು ಇಟಲಿಗೆ ಹೊರಟರು. ಹಿಂದಿರುಗಿದರೆ ಸೆರೆ ಖಂಡಿತವೆಂದು ತಿಳಿದು ಹೊರಗೇ ಉಳಿದರು. ಆಗ ಅವರ ವಯಸ್ಸು 64. ನಮ್ಮಲ್ಲಾದರೆ ಪಿಂಚಣಿ ಪಡೆದು ನಾಲ್ಕು ವರ್ಷ ಕಳೆದಿರುವ ವಯಸ್ಸು! ಮರುವರ್ಷ ಮಾರ್ಚಿಯಲ್ಲಿ ಹಿರಿಯ ಮಗ ಹೆರ್ಬರ್ಟ್, ಚಿತ್ರಕಾರ, ಟೈಫಸ್ ಜ್ವರದಿಂದ ತೀರಿಕೊಂಡನು. ತಂದೆಗೆ ಮುಖ ನೋಡಲೂ ಸಿಕ್ಕಲಿಲ್ಲ. ಜುಲೈ 6ರಂದು, ಧರ್ಮಸುಧಾರಕ ಯಾನ್ ಹುಸ್‌ನನ್ನು ಸುಟ್ಟು 500 ವರ್ಷ ತುಂಬಿದ ದಿನ, ಮಸಾರಿಕರು ಜಿನೀವಾದಲ್ಲಿ ಬಹಿರಂಗವಾಗಿ ಆಸ್ಟ್ರಿಯದ ವಿರುದ್ಧ ನಿಂತರು. ಅದರ ಶಿಕ್ಷೆ ಮನೆಯವರಿಗೆ ಬಿತ್ತು. ಹಿರಿಯ ಮಗಳು ಆಲಿಸ್‌ಳನ್ನು ವಿಯೆನ್ನಾದ ಸೆರೆಮನೆಯಲ್ಲಿಟ್ಟರು. ಅಮೆರಿಕದ ಮಹಿಳೆಯರು ಗಟ್ಟಿಯಾಗಿ ದನಿಯೆತ್ತಿದ ಮೇಲೆ 1916ರಲ್ಲಿ ಬಿಡುಗಡೆಯಾಯಿತು. ಮಗ ಯಾನ್‌ನನ್ನು ಆಸ್ಟ್ರಿಯದ ಸೈನ್ಯಕ್ಕೇ ಎಳೆದುಕೊಂಡರು. ಶಾರ್ಲಟ್‌ಳ ಮನಸ್ಸು ಈ ಆಘಾತಗಳಿಂದ ಕುಗ್ಗಿಹೋಯಿತು. ಆಕೆ ಪುನಃ ಪೂರ್ತಿ ಚೇತರಿಸಿಕೊಳ್ಳಲಿಲ್ಲ, 1923ರಲ್ಲಿ ಕಣ್ಣುಮುಚ್ಚಿದಳು. ಸ್ವಾತಂತ್ರ್ಯದ ಬೆಲೆಯನ್ನು ಆ ಮನೆಯಲ್ಲಿ ಅತಿ ಹೆಚ್ಚಾಗಿ ತೆತ್ತವಳು ಆಕೆಯೇ ಎಂದು ನಮಗೆ ತೋರುತ್ತದೆ.

ಇನ್ನು ನಮ್ಮಂಥವರಿಗೆ ವಿಶೇಷವಾಗಿ ಹಿಡಿಸಬೇಕಾದ ಭಾಗ. ಈ ಹೋರಾಟಕ್ಕೆ ಹಣ ಬಂದದ್ದೆಲ್ಲಿಂದ? ಹೆಚ್ಚಿನ ಪಾಲು ಅಮೆರಿಕಕ್ಕೆ ವಲಸೆ ಹೋಗಿದ್ದ ಜೆಕ್ ಮತ್ತು ಸ್ಲೋವಾಕ್ ಕೂಲಿಕಾರರ, ಅಂಗಡಿಯವರ, ದರ್ಜಿಗಳ ಕಿಸೆಯಿಂದ. ಪ್ರಾಗ್ ಬಿಟ್ಟರೆ ಜೆಕ್ ಜನರು ಅತಿ ಹೆಚ್ಚಾಗಿ ನೆಲೆಸಿದ್ದ ನಗರಗಳಲ್ಲಿ ಚಿಕಾಗೋ ಒಂದು. ಅಲ್ಲಿ, ಕ್ಲೀವ್‌ಲೆಂಡಿನಲ್ಲಿ, ಪಿಟ್ಸ್‌ಬರ್ಗಿನಲ್ಲಿ ಅವರ ಸಂಘಗಳಿದ್ದವು, ವ್ಯಾಯಾಮಶಾಲೆಗಳಿದ್ದವು, ಪತ್ರಿಕೆಗಳಿದ್ದವು. ಹೆಂಗಸರು ಕಸೂತಿ, ತಿಂಡಿತಿನಿಸು ಮಾಡಿ ಜಾತ್ರೆಯಂತೆ ಮಾರಾಟ ನಡೆಸಿ ಬಂದ ಹಣವನ್ನು ಕಳುಹಿಸಿದರು. ನಾಡನ್ನು ಬಿಟ್ಟು ಬಂದವರಿಗೆ ನಾಡಿನ ಮೇಲೆ ಪ್ರೀತಿ ಕಡಿಮೆಯೆಂದು ಹೇಳುವವರಿಗೆ ಈ ಲೆಕ್ಕಪುಸ್ತಕವನ್ನು ತೋರಿಸಬೇಕು.

ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಮಸಾರಿಕರಿಗೆ ಅಧ್ಯಾಪಕ ಪದವಿ ದೊರೆಯಿತು. ಶಿಷ್ಯ ಬೆನೆಷ್, ಸ್ಲೋವಾಕ್ ಖಗೋಲಶಾಸ್ತ್ರಜ್ಞ ಷ್ಟೆಫಾನಿಕ್ ಇವರೊಡನೆ ಪ್ಯಾರಿಸಿನಲ್ಲಿ ರಾಷ್ಟ್ರೀಯ ಮಂಡಲಿಯನ್ನು ಕಟ್ಟಿದರು. ಆದರೆ ಸೈನ್ಯವಿಲ್ಲದವನ ಮಾತನ್ನು ಯುದ್ಧಕಾಲದಲ್ಲಿ ಯಾರು ಕೇಳುತ್ತಾರೆ? ರಷ್ಯನರು ಸೆರೆಹಿಡಿದಿದ್ದ ಆಸ್ಟ್ರಿಯನ್ ಸೈನಿಕರಲ್ಲಿ ಜೆಕ್ ಮತ್ತು ಸ್ಲೋವಾಕ್ ಜನ ಅಪಾರವಾಗಿದ್ದರು. 1917ರ ಮೇ ತಿಂಗಳಲ್ಲಿ ಮಸಾರಿಕರು ರಷ್ಯಕ್ಕೆ ಹೋಗಿ, ಅಲ್ಲಿಯ ಕ್ರಾಂತಿಯ ಗುಂಡಿನ ನಡುವೆಯೇ, ನಲವತ್ತು ಸಾವಿರಕ್ಕೂ ಹೆಚ್ಚು ಯೋಧರ ಪಡೆಯನ್ನು ಸಜ್ಜುಗೊಳಿಸಿದರು. ಆ ಪಡೆ ಸೈಬೀರಿಯದ ರೈಲುದಾರಿಯನ್ನೇ ಹಿಡಿದು ಭೂಮಂಡಲವನ್ನು ಸುತ್ತಿ 1920ರ ಹೊತ್ತಿಗೆ ಮನೆ ಸೇರಿದ್ದು ಬೇರೊಂದು ದೊಡ್ಡ ಕಥೆ. ಮಸಾರಿಕರು 1918ರ ಮಾರ್ಚಿಯಲ್ಲಿ ಅದೇ ರೈಲಿನಲ್ಲಿ ವ್ಲಾಡಿವೊಸ್ಟೊಕ್ ತಲುಪಿ, ಜಪಾನಿನ ಮಾರ್ಗವಾಗಿ ಅಮೆರಿಕಕ್ಕೆ ಹೋದರು. ಮೇ 5ರಂದು ಚಿಕಾಗೋದಲ್ಲಿ ಅವರನ್ನು ಎದುರುಗೊಳ್ಳಲು ಬೀದಿ ತುಂಬ ಜನ. ಒಂದು ಕಾಲಕ್ಕೆ ಕುಲದ್ರೋಹಿಯೆನಿಸಿಕೊಂಡವರಿಗೆ ಆ ಸ್ವಾಗತ! ಜೂನಿನಲ್ಲಿ ಅಧ್ಯಕ್ಷ ವಿಲ್ಸನ್ನರ ಭೇಟಿಯಾಯಿತು. ಅಕ್ಟೋಬರ್ 18ರಂದು ವಾಷಿಂಗ್ಟನ್ನಿನಿಂದ ಸ್ವಾತಂತ್ರ್ಯ ಘೋಷಣೆ ಹೊರಟಿತು. ಹತ್ತು ದಿನದಲ್ಲಿ ಪ್ರಾಗಿನ ಬೀದಿಗಳಲ್ಲಿ ಆಸ್ಟ್ರಿಯದ ಎರಡು ತಲೆಯ ಗರುಡನ ಲಾಂಛನವನ್ನು ಜನ ಕಿತ್ತೊಗೆದರು. ನವೆಂಬರ್ 14ರಂದು ಅವರನ್ನು ಅಧ್ಯಕ್ಷರಾಗಿ ಆರಿಸಿದಾಗ ಅವರಿನ್ನೂ ಅಮೆರಿಕದಲ್ಲೇ ಇದ್ದರು. ಡಿಸೆಂಬರ್ 21ರಂದು ಪ್ರಾಗಿಗೆ ಬಂದಿಳಿದರು.

ಹೊಸ ರಾಜ್ಯದ ಮೊದಲ ತಿಂಗಳುಗಳ ಒಂದು ಸಂಗತಿಯನ್ನು, ಬ್ಯಾಂಕಿನ ಮೇಜಿನ ಮುಂದೆ ಕುಳಿತು ಅನ್ನ ಸಂಪಾದಿಸುವ ನಾವು ಹೇಳದೆ ಮುಂದೆ ಹೋಗಲಾರೆವು. ಆಸ್ಟ್ರಿಯದ ನೋಟುಗಳೇ ಎಲ್ಲೆಲ್ಲೂ ಚಲಾವಣೆಯಲ್ಲಿದ್ದವು. ವಿಯೆನ್ನಾದಲ್ಲಿ ಅವನ್ನು ಅಚ್ಚುಹಾಕುತ್ತಲೇ ಇದ್ದರು. ಹಣಕಾಸಿನ ಮಂತ್ರಿ ಅಲೋಯಿಸ್ ರಾಷೀನ್ ಎಂಬವರು 1919ರ ಫೆಬ್ರವರಿ ಕೊನೆಯಲ್ಲಿ ಇದ್ದಕ್ಕಿದ್ದಂತೆ ಗಡಿಗಳನ್ನು ಮುಚ್ಚಿಸಿ, ಒಂದು ವಾರದೊಳಗೆ ದೇಶದಲ್ಲಿದ್ದ ನೋಟುಗಳಿಗೆಲ್ಲ ಅಂಚೆಚೀಟಿಯಂಥ ಮುದ್ರೆಯನ್ನು ಅಂಟಿಸುವ ಏರ್ಪಾಡು ಮಾಡಿದರು. ಮುದ್ರೆಯುಳ್ಳದ್ದು ಜೆಕೊಸ್ಲೊವಾಕಿಯಾದ ಹಣ, ಇಲ್ಲದ್ದು ಬರಿಯ ಕಾಗದ. ಜನ ತಂದ ಹಣದಲ್ಲಿ ದೊಡ್ಡ ಮೊತ್ತಗಳ ಅರ್ಧಪಾಲನ್ನು ಶೇಕಡಾ 1ರ ಬಡ್ಡಿಗೆ ಕಡ್ಡಾಯ ಸಾಲವಾಗಿ ಇಟ್ಟುಕೊಳ್ಳಲಾಯಿತು. 2016ರ ನವೆಂಬರಿನಲ್ಲಿ ಕೌಂಟರಿನ ಹಿಂದೆ ಕುಳಿತಿದ್ದ ನಮ್ಮಂಥವರಿಗೆ, ಆ ವಾರ ಆ ದೇಶದ ಗುಮಾಸ್ತರು ಪಟ್ಟ ಪಾಡನ್ನು ವರ್ಣಿಸಬೇಕಾಗಿಲ್ಲ. ಫಲವೇನೆಂದರೆ, ಸುತ್ತಲಿನ ಆಸ್ಟ್ರಿಯ, ಹಂಗೇರಿ, ಜರ್ಮನಿಗಳಲ್ಲಿ ನಾಣ್ಯವು ಕಸಕ್ಕೆ ಸಮಾನವಾದಾಗಲೂ ಈ ದೇಶದ ಕೊರುನಾ ಕಾಲೂರಿ ನಿಂತಿತು. ರಾಷೀನರ ಬಿಗಿ ಕೈಯನ್ನು ಅನೇಕರು ದ್ವೇಷಿಸಿದರು. 1923ರ ಜನವರಿಯಲ್ಲಿ ತರುಣನೊಬ್ಬನ ಗುಂಡೇಟಿಗೆ ಗುರಿಯಾಗಿ ಮುಂದಿನ ತಿಂಗಳು ಮರಣಹೊಂದಿದರು.

ಸಮುದ್ರವಿಲ್ಲದ ಕೊರತೆಗೂ ಒಂದು ಉಪಾಯವಾಯಿತು. ವರ್ಸೇಲ್ಸ್ ಒಪ್ಪಂದದಲ್ಲಿ, ಜರ್ಮನಿಯ ಹ್ಯಾಂಬರ್ಗ್ ಮತ್ತು ಸ್ಟೆಟಿನ್ ಬಂದರುಗಳಲ್ಲಿ ಈ ದೇಶಕ್ಕೆ 99 ವರ್ಷದ ಗೇಣಿಗೆ ಧಕ್ಕೆಗಳನ್ನು ಬಿಟ್ಟುಕೊಡಬೇಕೆಂದು ಬರೆಯಲಾಯಿತು. ನದಿಯ ದೋಣಿಗಳಲ್ಲಿ ಗಾಜು, ಸಕ್ಕರೆ, ಯಂತ್ರ, ಪಾದರಕ್ಷೆಗಳು ಲೋಕಕ್ಕೆಲ್ಲ ಹೋದವು. ಪಾದರಕ್ಷೆ ಎಂದಾಗ ನೆನಪಾಯಿತು: ನಮ್ಮ ಮಕ್ಕಳ ಶಾಲೆಯ ಬೂಟುಗಳ ಮೇಲಿರುವ ಬಾಟಾ ಎಂಬ ಹೆಸರು ಮೊರಾವಿಯದ ಜ್ಲೀನ್ ಊರಿನ ತೋಮಾಸ್ ಬಾಟಾನದು, ಅದು ನಮ್ಮ ದೇಶದ್ದೇ ಹೆಸರೆಂದು ತಿಳಿದವರು ಬಹಳ.

ಮಸಾರಿಕರ ಆಡಳಿತದಲ್ಲಿ ಎಲ್ಲವೂ ಚೆನ್ನಾಗಿತ್ತೆಂದರೆ ಅವರಿಗೇ ಅಪಚಾರವಾದೀತು. ರಾಜ್ಯವನ್ನು ಜೆಕ್ ಮತ್ತು ಸ್ಲೋವಾಕರ ಹೆಸರಿನಲ್ಲಿ ಕಟ್ಟಿದರೂ ಅದರಲ್ಲಿ ಸುಮಾರು 31 ಲಕ್ಷ ಜರ್ಮನರಿದ್ದರು, ಹಂಗೇರಿಯನರು, ರುಥೇನಿಯನರು ಇದ್ದರು. ನಿನ್ನೆಯವರೆಗೆ ಆಳುತ್ತಿದ್ದ ಜರ್ಮನರು ಇಂದು ಅಲ್ಪಸಂಖ್ಯಾತರು. ಅಧ್ಯಕ್ಷರ ಮೊದಲ ಭಾಷಣದಲ್ಲಿಯೇ ಅವರನ್ನು ಹೊರಗಿನಿಂದ ಬಂದು ನೆಲೆಸಿದವರೆಂಬ ಅರ್ಥದಲ್ಲಿ ಕರೆದದ್ದು ನೂರಾರು ವರ್ಷದಿಂದ ಅಲ್ಲಿಯೇ ಬಾಳಿದ ಆ ಜನರನ್ನು ನೋಯಿಸಿತು. 1919ರ ಮಾರ್ಚ್ 4ರಂದು ಜರ್ಮನರ ಮೆರವಣಿಗೆಗಳ ಮೇಲೆ ಸೈನಿಕರು ಗುಂಡುಹಾರಿಸಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಇದರ ಜತೆಗೆ ಇನ್ನೊಂದು ಪಕ್ಕವನ್ನೂ ಹೇಳಬೇಕು. 1920ರ ಭಾಷಾ ಕಾನೂನಿನಂತೆ, ಯಾವುದೇ ನ್ಯಾಯಾಲಯದ ಸರಹದ್ದಿನಲ್ಲಿ ನೂರಕ್ಕೆ 20 ಮಂದಿ ಬೇರೆ ನುಡಿಯವರಿದ್ದರೆ ಅವರು ತಮ್ಮ ನುಡಿಯಲ್ಲೇ ಅರ್ಜಿ ಕೊಡಬಹುದು, ಉತ್ತರ ಪಡೆಯಬಹುದು. ಜರ್ಮನ್ ಶಾಲೆಗಳು, ಜರ್ಮನ್ ವಿಶ್ವವಿದ್ಯಾನಿಲಯ ಮುಂದುವರಿದವು. 1926ರಿಂದ ಜರ್ಮನ್ ಮಂತ್ರಿಗಳೂ ಮಂತ್ರಿಮಂಡಲದಲ್ಲಿ ಕುಳಿತರು. ಮಸಾರಿಕರು ಅದಕ್ಕಾಗಿ ಸತತವಾಗಿ ದುಡಿದಿದ್ದರು. ಇನ್ನೊಬ್ಬರ ನುಡಿಯ ರಾಜ್ಯದಲ್ಲಿ ನೂರಕ್ಕೆ ಒಬ್ಬರಿಬ್ಬರಾಗಿ ಬಾಳುತ್ತಿರುವ ನಾವು ಈ ಇಪ್ಪತ್ತರ ಲೆಕ್ಕವನ್ನು ತೂಗಿ ನೋಡಬೇಕಾದದ್ದೇ.

ಸ್ಲೋವಾಕರ ವಿಷಯದಲ್ಲಿ ಮಾತ್ರ ನಾವು ಮಸಾರಿಕರನ್ನು ಪೂರ್ತಿ ಸಮರ್ಥಿಸಲಾರೆವು. 1918ರ ಮೇ ಕೊನೆಯಲ್ಲಿ ಪಿಟ್ಸ್‌ಬರ್ಗಿನಲ್ಲಿ ವಲಸಿಗರ ಸಂಘಗಳು ಮಾಡಿಕೊಂಡ ಕರಾರಿನಲ್ಲಿ, ಸ್ಲೋವಾಕಿಯಾಕ್ಕೆ ತನ್ನದೇ ಆಡಳಿತ, ಶಾಸನಸಭೆ, ನ್ಯಾಯಾಲಯಗಳು ಇರುವುವೆಂದು ಬರೆದಿತ್ತು. ಅದಕ್ಕೆ ಮಸಾರಿಕರ ಸಹಿಯಿದೆ. ಅಲಂಕಾರದ ಪ್ರತಿಗೆ ಸಹಿ ಹಾಕಿದ್ದು ಅವರು ಅಧ್ಯಕ್ಷರಾಗಿ ಆಯ್ಕೆಯಾದ ದಿನವೇ. ಅಧಿಕಾರಕ್ಕೆ ಬಂದಮೇಲೆ ಅದು ಅಮೆರಿಕದವರು ತಮ್ಮತಮ್ಮಲ್ಲಿ ಮಾಡಿಕೊಂಡದ್ದೆಂದು ಅವರು ಬದಿಗಿಟ್ಟರು. ಜೆಕ್ ಮತ್ತು ಸ್ಲೋವಾಕರು ಒಂದೇ ಜನಾಂಗದ ಎರಡು ಕವಲುಗಳೆಂಬ ಸಿದ್ಧಾಂತವು ರಾಜ್ಯಾಂಗದೊಳಗೇ ಸೇರಿತು. ಜನಗಣತಿಯಲ್ಲಿ ಎರಡೂ ಒಂದೇ ಕಲಮಿಗೆ ಬಿದ್ದವು. ಸ್ಲೋವಾಕ್ ತಂದೆಯ ಮಗನಿಗೆ ಇದರಲ್ಲಿ ಮೋಸ ಕಾಣದಿದ್ದಿರಬಹುದು. ಸ್ಲೋವಾಕ್ ಹಳ್ಳಿಯ ಶಾಲೆಗೆ ಜೆಕ್ ಮಾಸ್ತರು, ಅಂಚೆಕಚೇರಿಗೆ ಜೆಕ್ ಗುಮಾಸ್ತ ಬಂದದ್ದನ್ನು ನೋಡಿದವರಿಗೆ ಬೇರೆಯಾಗಿಯೇ ಕಂಡಿತು. ದಾಖಲೆಗಳ ಸತ್ಯಾಸತ್ಯಕ್ಕೆ ಪ್ರಾಣಬಿಡುತ್ತಿದ್ದವರು ತಾವೇ ಸಹಿ ಹಾಕಿದ ದಾಖಲೆಯ ವಿಷಯದಲ್ಲಿ ಹೀಗೆ ನಡೆದುಕೊಂಡರಲ್ಲ ಎಂದು ವ್ಯಥೆಯಾಗುತ್ತದೆ.

ಅವರು 1920, 1927, 1934ರಲ್ಲಿ ಪುನಃಪುನಃ ಆರಿಸಿಬಂದರು. ಎಂಬತ್ತು ದಾಟಿದಮೇಲೂ ಕುದುರೆಯೇರಿ ಸವಾರಿ ಹೋಗುತ್ತಿದ್ದರು. ‘ರೋಬಾಟ್’ ಎಂಬ ಶಬ್ದವನ್ನು ತನ್ನ ನಾಟಕದ ಮೂಲಕ ಲೋಕಕ್ಕೆ ಕೊಟ್ಟ ಲೇಖಕ ಕಾರೆಲ್ ಚಾಪೆಕ್‌ನ ಮನೆಯಲ್ಲಿ ಶುಕ್ರವಾರಗಳಂದು ಸಾಹಿತಿಗಳು ಕೂಡುತ್ತಿದ್ದರು. ಅಧ್ಯಕ್ಷರು ಅಲ್ಲಿಗೆ ಹೋಗಿ ಎಲ್ಲರ ನಡುವೆ ಕುಳಿತು ಹರಟುತ್ತಿದ್ದರು. ಚಾಪೆಕ್ ಬರೆದುಕೊಂಡ ಆ ಸಂವಾದಗಳಿಂದಲೇ ಅವರ ಬಾಲ್ಯದ ಅನೇಕ ಸಂಗತಿಗಳು ನಮಗೆ ತಿಳಿಯುತ್ತವೆ. ನೆರೆಯ ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಪೋಲೆಂಡು, ಹಂಗೇರಿ, ಆಸ್ಟ್ರಿಯಗಳಲ್ಲಿ ಒಂದೊಂದಾಗಿ ಪ್ರಜಾಪ್ರಭುತ್ವ ಕುಸಿಯಿತು. ಈ ನಾಡಿನಲ್ಲಿ ಮಾತ್ರ ಚುನಾವಣೆಗಳು ನಡೆದವು, ಪತ್ರಿಕೆಗಳು ಸರ್ಕಾರವನ್ನು ಬೈದವು, ಜರ್ಮನಿಯಿಂದ ಓಡಿಬಂದವರಿಗೆ ಆಶ್ರಯ ಸಿಕ್ಕಿತು. 1935ರ ಡಿಸೆಂಬರ್ 14ರಂದು, ದೇಹ ಸೋತು, ಮಸಾರಿಕರು ಪದವಿಯನ್ನು ಬೆನೆಷರಿಗೆ ಬಿಟ್ಟುಕೊಟ್ಟರು. 1937ರ ಸೆಪ್ಟೆಂಬರ್ 14ರಂದು ಲಾನಿ ಎಂಬ ಹಳ್ಳಿಯ ಬಂಗಲೆಯಲ್ಲಿ ಪ್ರಾಣಬಿಟ್ಟರು. ಶವಯಾತ್ರೆಯ ದಿನ ಪ್ರಾಗಿನ ಬೀದಿಗಳಲ್ಲಿ ಲಕ್ಷಾಂತರ ಜನ ನಿಂತಿದ್ದರು.

ಆಮೇಲಿನದನ್ನು ಅವರು ನೋಡಲಿಲ್ಲ. ಒಂದೇ ವರ್ಷಕ್ಕೆ ಮ್ಯೂನಿಕ್ ಒಪ್ಪಂದ. 1939ರ ಮಾರ್ಚಿಯಲ್ಲಿ ಪ್ರಾಗಿನಲ್ಲಿ ಹಿಟ್ಲರ್. ಯುದ್ಧ ಮುಗಿದಮೇಲೆ ಸುಮಾರು 30 ಲಕ್ಷ ಜರ್ಮನರನ್ನು ನಾಡಿನಿಂದ ಹೊರಗಟ್ಟಲಾಯಿತು. 1948ರಲ್ಲಿ ಕಮ್ಯೂನಿಸ್ಟರ ಆಳ್ವಿಕೆ ಬಂದ ಕೆಲವೇ ದಿನಗಳಲ್ಲಿ, ವಿದೇಶಾಂಗ ಮಂತ್ರಿಯಾಗಿದ್ದ ಮಗ ಯಾನ್ ಮಸಾರಿಕ್ ತನ್ನ ಕಚೇರಿಯ ಕಿಟಕಿಯ ಕೆಳಗೆ ಶವವಾಗಿ ಸಿಕ್ಕಿದನು. ಅಧ್ಯಕ್ಷ ಮಸಾರಿಕರ ಪ್ರತಿಮೆಗಳನ್ನು ಕೆಡವಿದರು, ಮತ್ತೆ ನಿಲ್ಲಿಸಿದರು, ಮತ್ತೆ ಕೆಡವಿದರು. 1989ರಲ್ಲಿ ಕಮ್ಯೂನಿಸ್ಟರ ಆಳ್ವಿಕೆ ಮುಗಿಯಿತು. 1993ರ ಜನವರಿ 1ರಂದು ಜೆಕ್ ಮತ್ತು ಸ್ಲೋವಾಕರು ಒಂದು ಹನಿ ರಕ್ತವೂ ಬೀಳದಂತೆ ಪಾಲಾಗಿ ಎರಡು ರಾಜ್ಯಗಳಾದರು. ಎರಡಕ್ಕೂ ಸಮುದ್ರವಿಲ್ಲ.

ಲಾನಿಯ ಊರ ಸ್ಮಶಾನದಲ್ಲಿ, ಹಳ್ಳಿಯವರ ಗೋರಿಗಳ ಪಕ್ಕದಲ್ಲಿಯೇ, ಆ ಮನೆಯವರ ಸಮಾಧಿಯಿದೆ. ಮೊದಲು ಶಾರ್ಲಟ್, ಆಮೇಲೆ ತೋಮಾಸ್, ಆಮೇಲೆ ಯಾನ್. ಸೆರೆಮನೆ ಕಂಡ ಮಗಳು ಆಲಿಸ್ 1966ರಲ್ಲಿ ಚಿಕಾಗೋದಲ್ಲಿ ವಲಸಿಗಳಾಗಿಯೇ ತೀರಿಕೊಂಡಳು. ನಾಡು ಬಿಡುಗಡೆಯಾದ ಮೇಲೆ, 1990ರ ದಶಕದಲ್ಲಿ, ಆಕೆಯ ಅಸ್ಥಿಯನ್ನು ತಂದು ತಂದೆತಾಯಿಯರ ಬಳಿ ಇಟ್ಟರು.